ಹೃದಯ ಶಸ್ತ್ರಚಿಕಿತ್ಸೆಯಾದ ಹಸುಗೂಸಿನ ಮನೆಯವರ ಗಮನಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ದೊಡ್ಡವರಲ್ಲಿ ಸಾಮಾನ್ಯವಾಗಿ ಬರೀ ನೆಗಡಿಯಾಗಿ ಹೋಗುವ ಆರ್‌ಎಸ್‌ವಿ ವೈರಸ್, ಹೃದಯದ ಆಪರೇಷನ್ ಆದ ಹಸುಗೂಸಿನ ಉಸಿರನ್ನೇ ಕಟ್ಟಿಸಬಲ್ಲದು. ವೆಂಟಿಲೇಟರ್ ಕೂಡ ಸಾಲದಾದಾಗ ಕೆಲವು ಮಕ್ಕಳಿಗೆ ಎಕ್ಮೋ ಯಂತ್ರ ಹಾಕುತ್ತಾರೆ. ಕಪ್ಪಗಿನ ರಕ್ತ ಒಂದು ಕೊಳವೆಯಲ್ಲಿ ಹೊರಬಂದು, ಆಮ್ಲಜನಕ ತುಂಬಿಕೊಂಡು, ಕೆಂಪಗಾಗಿ ಇನ್ನೊಂದರಲ್ಲಿ ಒಳಹೋಗುತ್ತದೆ. ಯಂತ್ರ ವೈರಸ್ಸನ್ನು ಕೊಲ್ಲುವುದಿಲ್ಲ. ಹೃದಯ, ಶ್ವಾಸಕೋಶ ಚೇತರಿಸಿಕೊಳ್ಳಲು ಸಮಯ ಕೊಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಡುವುದರಿಂದ ರಕ್ತಸ್ರಾವದ ಅಪಾಯವೂ ಇದೆ. ಸೋಂಕು ತಗುಲದಂತೆ ಕಾಯುವುದು ನಿಮ್ಮ ಕೈಯಲ್ಲಿದೆ.

ಮಾಡಬೇಕಾದ್ದು

1. ಮಗುವನ್ನು ಮುಟ್ಟುವ ಮುನ್ನ ಪ್ರತಿ ಸಲವೂ ಉಂಗುರ, ಬಳೆ ತೆಗೆದು ಸೋಪು ಹಚ್ಚಿ ಕೈ ತೊಳೆಯಿರಿ. ಮೊಬೈಲ್, ಬಾಗಿಲ ಹಿಡಿಗಳ ಮೇಲೆ ಈ ವೈರಸ್ ಗಂಟೆಗಟ್ಟಲೆ ಉಳಿಯುತ್ತದೆ.
2. ನೆಗಡಿ, ಕೆಮ್ಮು ಇದ್ದವರು, ಅಜ್ಜಿಯಾಗಲಿ ಅಣ್ಣನಾಗಲಿ, ದೂರವೇ ಇರಿ. ಮನೆಯಲ್ಲಿ ತಾಯಿಗೇ ನೆಗಡಿಯಾದರೆ ಮಾಸ್ಕ್ ಹಾಕಿಕೊಂಡು, ಕೈ ತೊಳೆದು ಎದೆಹಾಲು ಕೊಡಲಿ, ನಿಲ್ಲಿಸಬೇಕಿಲ್ಲ.
3. ಮಗು ಐಸಿಯುನಲ್ಲಿದ್ದಾಗ ನರ್ಸ್ ಹೇಳಿದಂತೆ ಹಾಲು ಹಿಂಡಿ ಕೊಡಿ.
4. ಮನೆಯವರಲ್ಲಿ ಒಬ್ಬರು ದಿನಾ ವೈದ್ಯರನ್ನು ಕಾಣಿರಿ. ಹೃದಯ ಹೇಗಿದೆ, ರಕ್ತಸ್ರಾವವಿದೆಯೇ, ಮೆದುಳಿನ ಸ್ಕ್ಯಾನ್ ಹೇಗಿದೆ, ಯಂತ್ರ ಯಾವಾಗ ಬಿಡಿಸಬಹುದು ಎಂದು ಕೇಳಿ.
5. ಮನೆಯವರ ಫ್ಲೂ ಲಸಿಕೆ, ಮಗುವಿಗೆ ಆರ್‌ಎಸ್‌ವಿ ತಡೆಯುವ ಚುಚ್ಚುಮದ್ದು ಇವುಗಳ ಬಗ್ಗೆ ವಿಚಾರಿಸಿ.

ಮಾಡಬಾರದ್ದು

1. ಕೊಳವೆ, ವೈರು ಮುಟ್ಟಬೇಡಿ. ಮಗುವಿನ ತಲೆ ತಿರುಗಿಸಬೇಡಿ. ಕುತ್ತಿಗೆಯ ರಕ್ತನಾಳದಲ್ಲೇ ಕೊಳವೆ ಇರಬಹುದು. ತಾಯತ, ದಾರ ಕಟ್ಟಬೇಡಿ.
2. ಎಕ್ಮೋದಲ್ಲಿರುವ ಮಗು ಊದಿಕೊಂಡಿದೆ, ಎದೆ ಹೆಚ್ಚು ಏರಿಳಿಯುತ್ತಿಲ್ಲ ಎಂದು ಆಸೆ ಬಿಡಬೇಡಿ. ವೈದ್ಯರನ್ನು ಕೇಳಿ.
3. ಹಳೇ ಚೀಟಿ ತೋರಿಸಿ ಆಂಟಿಬಯಾಟಿಕ್ ತರಬೇಡಿ. ಅದು ವೈರಸ್ಸಿಗೆ ನಾಟುವುದಿಲ್ಲ.
4. ಮನೆಗೆ ಬಂದ ಮೇಲೆ ಸಾಂಬ್ರಾಣಿ ಹೊಗೆ ಹಾಕಬೇಡಿ, ಮೂಗಿಗೆ ಎಣ್ಣೆ ಬಿಡಬೇಡಿ, ಬಜೆ, ಜೇನುತುಪ್ಪ ನೆಕ್ಕಿಸಬೇಡಿ. ಮನೆಯೊಳಗೆ ಬೀಡಿ, ಸಿಗರೇಟು ಸೇದಲೇಬೇಡಿ.
5. ಯಾರೂ ಮಗುವಿಗೆ ಮುತ್ತು ಕೊಡಬೇಡಿ. ನಾಮಕರಣಕ್ಕೆ ಜನ ಸೇರಿಸಬೇಡಿ; ವೈದ್ಯರು ಒಪ್ಪಿದ ಮೇಲೆ ಮಾಡಿದರಾಯಿತು.

ತಕ್ಷಣ ಆಸ್ಪತ್ರೆಗೆ

ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಟ, ಪಕ್ಕೆ ಒಳಸೇದುವುದು, ಉಸಿರು ನಿಂತು ನಿಂತು ಬರುವುದು, ನರಳಾಟ, ಹಾಲು ಕುಡಿಯದಿರುವುದು, ತುಟಿ ಮೊದಲಿಗಿಂತ ನೀಲಿಗಟ್ಟುವುದು: ಇವುಗಳಲ್ಲಿ ಒಂದು ಕಂಡರೂ ಸಾಕು, 108ಕ್ಕೆ ಕರೆ ಮಾಡಿ. ಆಪರೇಷನ್ನಿನ ಕಾಗದಗಳನ್ನು ಜೊತೆಗೆ ಒಯ್ಯಿರಿ. ರಾತ್ರಿಯಾಗಿದ್ದರೂ ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ.