ಶಾಲೆಯ ಕಂಪ್ಯೂಟರ್ ಕೋಣೆ: ಮಾಡಬೇಕಾದ್ದು, ಮಾಡಬಾರದ್ದು

ಒಂದರಿಂದ ಐದನೇ ತರಗತಿಯವರೆಗೆ ಕಂಪ್ಯೂಟರ್ ಕಲಿಸುವ ಶಿಕ್ಷಕರಿಗೆ, ಮುಖ್ಯ ಶಿಕ್ಷಕರಿಗೆ. ಮಕ್ಕಳನ್ನು ಒಳಗೆ ಬಿಡುವ ಮೊದಲು ಓದಿ. ಬಾಗಿಲ ಒಳಬದಿಗೆ ಅಂಟಿಸಿ.

ಈ ಕೋಣೆಯಲ್ಲಿ 230 ವೋಲ್ಟ್ ವಿದ್ಯುತ್ ಇದೆ, ಇಂಟರ್‌ನೆಟ್ ಇದೆ. ಮೊದಲನೆಯದು ಮಗುವಿನ ಜೀವ ತೆಗೆಯುತ್ತದೆ. ಎರಡನೆಯದನ್ನು ಹಿಡಿದು ಅಪರಿಚಿತನೊಬ್ಬ ಮಗುವಿನ ಹತ್ತಿರ ಬರುತ್ತಾನೆ.

ಮಾಡಬೇಕಾದ್ದು

• ಬೀಗ ತೆಗೆದ ಕೂಡಲೇ ಕಿಟಕಿ ತೆರೆಯಿರಿ. ಯುಪಿಎಸ್‌ನ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಕಿಡಿ ತಾಗಿದರೆ ಅದು ಸಿಡಿಯುತ್ತದೆ.

• ಬೇಸಿಗೆ ರಜೆ ಮುಗಿಯುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಇಲಿ ಕಡಿದ ವೈರು ಬದಲಾಯಿಸಿ.

• ಮಳೆಮೋಡ ಕಟ್ಟಿದಾಗಲೇ ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು.

• ಪರದೆಗಳೆಲ್ಲ ನಿಮ್ಮ ಕಣ್ಣಿಗೆ ಬೀಳುವಂತೆ ಜೋಡಿಸಿ.

• ಒಂದು ಕಂಪ್ಯೂಟರಿಗೆ ಇಬ್ಬರನ್ನು ಕೂರಿಸಿ. ಹತ್ತು ನಿಮಿಷಕ್ಕೊಮ್ಮೆ ಮೌಸ್ ಕೈ ಬದಲಾಗಲಿ. ಹೆಣ್ಣುಮಕ್ಕಳ ಸರದಿಯನ್ನು ನೀವೇ ಎಣಿಸಿ. ಎಣಿಸದಿದ್ದರೆ ಅವರು ಪಕ್ಕದಲ್ಲಿ ಕೂತು ನೋಡುತ್ತಲೇ ವರ್ಷ ಕಳೆಯುತ್ತಾರೆ.

• ಮೊದಲ ಪಾಠ ಅಂಗಳದಲ್ಲಿ ಮಾಡಿ. ಕುಂಟೆಬಿಲ್ಲೆಗೆ ಬರೆದ ಹಾಗೆ ನೆಲದ ಮೇಲೆ ಮನೆಗಳನ್ನು ಬರೆಯಿರಿ. ಒಬ್ಬಳು ಆಜ್ಞೆ ಕೊಡಲಿ: ‘ಎರಡು ಮನೆ ಮುಂದೆ ಹೋಗು, ಎಡಕ್ಕೆ ತಿರುಗು.’ ಇನ್ನೊಬ್ಬ ಹೇಳಿದಷ್ಟನ್ನೇ ಮಾಡಲಿ. ದಾರಿ ತಪ್ಪಿದರೆ ಎಷ್ಟನೇ ಆಜ್ಞೆಯಲ್ಲಿ ತಪ್ಪಿತು ಎಂದು ಮಕ್ಕಳೇ ಹುಡುಕಲಿ. ಪ್ರೋಗ್ರಾಮಿಂಗ್ ಎಂದರೆ ಇದೇ. 1967ರಲ್ಲಿ ಮಕ್ಕಳಿಗೆಂದೇ ಹುಟ್ಟಿದ ಲೋಗೊ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪರದೆಯ ಮೇಲಿನ ಆಮೆ ನಡೆದದ್ದೂ ಇಂಥ ಆಜ್ಞೆಗಳಿಂದಲೇ. ಕರೆಂಟ್ ಇಲ್ಲದ ದಿನವೂ ಈ ಪಾಠ ನಡೆಯುತ್ತದೆ.

• ಅಕ್ಷರ ಕಲಿತ ಮಗುವಿಗೆ ಕನ್ನಡ ಟೈಪಿಂಗ್ ಕಲಿಸಿ. ನುಡಿ ಕೀಲಿಮಣೆಯಲ್ಲಿ ‘ಅಕ್ಕ’ ಎಂದರೆ ಎ, ಕೆ, ಎಫ್, ಕೆ. ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್. ಸ್ಲೇಟಿನ ಮೇಲೆ ಬರೆದದ್ದನ್ನೇ ಪರದೆಯ ಮೇಲೆ ಕಂಡ ಮಗುವಿಗೆ ಯಂತ್ರದ ಹೆದರಿಕೆ ಹೋಗುತ್ತದೆ.

• ಇದೊಂದನ್ನು ಬಾಯಿಪಾಠ ಮಾಡಿಸಿ: ‘ಹಣ ಬರಲು ಪಿನ್ ಬೇಕಿಲ್ಲ. ಓಟಿಪಿ ಯಾರಿಗೂ ಹೇಳಬಾರದು.’ ಎಷ್ಟೋ ಮನೆಗಳಲ್ಲಿ ಅಪ್ಪನ ಫೋನ್ ಎತ್ತುವುದು ಈ ಮಗುವೇ.

• ಪರದೆಯಲ್ಲಿ ಕೆಟ್ಟದ್ದೇನಾದರೂ ಕಂಡರೆ ಮಾನಿಟರ್ ಆರಿಸಿ ಕೈ ಎತ್ತುವುದನ್ನು ರೂಢಿ ಮಾಡಿಸಿ.

• ಬಂದು ಹೇಳಿದ ಮಗುವಿಗೆ ಮೊದಲು ಹೀಗೆನ್ನಿ: ‘ಹೇಳಿದ್ದು ಒಳ್ಳೆಯದಾಯಿತು. ತಪ್ಪು ನಿನ್ನದಲ್ಲ.’

ಮಾಡಬಾರದ್ದು

• ಬಿಸಿಯೂಟ ಮುಗಿಸಿ ಬಂದವರನ್ನು ಕೈ ಒರೆಸದೆ ಒಳಗೆ ಬಿಡುವುದು ಬೇಡ.

• ಪ್ಲಗ್ ಹಾಕುವ, ಯುಪಿಎಸ್ ಒರೆಸುವ ಕೆಲಸ ಮಕ್ಕಳಿಗೆ ಬೇಡ.

• ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದನ್ನು ಸಿಕ್ಕಿಸಬಾರದು.

• ಮಕ್ಕಳನ್ನು ಒಳಗೆ ಬಿಟ್ಟು ಹೊರಗೆ ಹೋಗಬಾರದು. ಅಧಿಕಾರಿ ಕರೆದರೂ ಹೋಗಬಾರದು.

• ಬಾಗಿಲು ಹಾಕಿಕೊಂಡು ಒಂದೇ ಮಗುವಿಗೆ ಪಾಠ ಬೇಡ.

• ವಯಸ್ಸು ಹೆಚ್ಚು ತೋರಿಸಿ ಖಾತೆ ತೆರೆದುಕೊಡಬಾರದು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ನಿಯಮದಂತೆಯೇ 13 ತುಂಬದವರಿಗೆ ಖಾತೆ ಇಲ್ಲ. ಸುಳ್ಳು ವಯಸ್ಸು ಬರೆಯುವುದನ್ನು ಮಗು ಶಾಲೆಯಲ್ಲಿ ಕಲಿಯಬಾರದು.

• ಮಕ್ಕಳ ಫೋಟೊವನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಬಾರದು. ಸಮವಸ್ತ್ರ, ಹಿಂದೆ ಶಾಲೆಯ ಫಲಕ, ಕೆಳಗೆ ಹೆಸರು: ಇಷ್ಟು ಸಿಕ್ಕರೆ ಆ ಮಗು ದಿನವಿಡೀ ಎಲ್ಲಿರುತ್ತದೆ ಎಂಬುದು ಯಾರಿಗಾದರೂ ಗೊತ್ತಾಗುತ್ತದೆ. ಹೊರಗೆ ಹೋದ ಫೋಟೊ ವಾಪಸ್ ಬರುವುದಿಲ್ಲ.

• ಆಧಾರ್ ಸಂಖ್ಯೆ ಇರುವ ಪಟ್ಟಿಯನ್ನು ಗ್ರೂಪಿಗೆ ಕಳಿಸಬಾರದು. ‘ಅರ್ಜೆಂಟ್, ಈಗಲೇ ಬೇಕು’ ಎಂದರೂ ಬೇಡ.

• ಪಾಸ್‌ವರ್ಡನ್ನು ಕಪ್ಪುಹಲಗೆಯ ಮೇಲೆ ಬರೆಯಬಾರದು.

• ಕೃತಕ ಬುದ್ಧಿಮತ್ತೆಯ ಆ್ಯಪ್‌ಗೆ ಮಗುವಿನ ಹೆಸರು, ಊರು, ಮನೆಯ ಸಂಗತಿ ಟೈಪ್ ಮಾಡಿಸಬಾರದು. ಅದು ಕೊಟ್ಟ ಉತ್ತರವನ್ನು ಪುಸ್ತಕದೊಂದಿಗೆ ತಾಳೆ ನೋಡದೆ ಬರೆಸುವುದೂ ಬೇಡ.

• ‘ಸಿಪಿಯು ಎಂದರೇನು’ ಎಂಬ ಬಾಯಿಪಾಠದಿಂದ ಶುರು ಬೇಡ.

• ತಪ್ಪು ಒತ್ತಿದ್ದಕ್ಕೆ ಬೈಯಬಾರದು, ಹೊಡೆಯಬಾರದು. ಒಮ್ಮೆ ಬೈಸಿಕೊಂಡ ಮಗು ಮುಂದಿನ ಸಲ ಹೇಳುವುದಿಲ್ಲ. ಅದನ್ನು ಹೆದರಿಸುವವನಿಗೆ ಬೇಕಾದ್ದೂ ಆ ಮೌನವೇ.

ಅನಾಹುತವಾದರೆ

• ಶಾಕ್ ಹೊಡೆದ ಮಗುವನ್ನು ಮುಟ್ಟುವ ಮೊದಲು ಮೇನ್ ಆರಿಸಿ, ಯುಪಿಎಸ್ ಕೂಡ ಆರಿಸಿ. ಮೇನ್ ಒಂದನ್ನೇ ಆರಿಸಿದರೆ ಯುಪಿಎಸ್ ವಿದ್ಯುತ್ ಕೊಡುತ್ತಲೇ ಇರುತ್ತದೆ. ಆಮೇಲೆ ಆಂಬುಲೆನ್ಸ್‌ಗೆ 108.

• ಆನ್‌ಲೈನ್ ಮೋಸದಲ್ಲಿ ಮನೆಯವರ ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ನಾಳೆಗೆ ಬೇಡ.

• ಮಗುವಿನ ಅಶ್ಲೀಲ ಚಿತ್ರ ಕಂಡರೆ, ಸಾಕ್ಷಿಗೆಂದು ಕೂಡ ನಿಮ್ಮ ಫೋನಿಗೆ ಕಳಿಸಿಕೊಳ್ಳಬಾರದು, ಇನ್ನೊಬ್ಬರಿಗೆ ಕಳಿಸಬಾರದು. ಅಂಥ ಚಿತ್ರ ಹಂಚುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಯಂತ್ರ ಇದ್ದಂತೆಯೇ ಇರಲಿ. ಕೋಣೆಗೆ ಬೀಗ ಹಾಕಿ, 112ಕ್ಕೆ ಕರೆ ಮಾಡಿ ಪೊಲೀಸರಿಗೆ ಹೇಳಿ.

• ನಡೆದದ್ದನ್ನು ಮಗುವಿನಿಂದ ಮತ್ತೆ ಮತ್ತೆ ಹೇಳಿಸಬಾರದು.

• ಶಾಲೆಯ ಹೆಸರು ಕೆಡುತ್ತದೆಂದು ಮುಚ್ಚಿಡಬಾರದು. 2012ರ ಪೋಕ್ಸೊ ಕಾಯ್ದೆಯಡಿ, ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ.

• ಮಕ್ಕಳ ಸಹಾಯವಾಣಿ 1098ನ್ನು ದೊಡ್ಡದಾಗಿ, ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಯಿರಿ. ಕರೆ ಉಚಿತ, ಹಗಲೂ ಇದೆ, ರಾತ್ರಿಯೂ ಇದೆ. ಮಗುವೇ ಕರೆ ಮಾಡಬಹುದು.