ಬಸುರಿಯ ಮಾತ್ರೆ, ಮಗಳ ಮನಸ್ಸು

ಶರೀರವೇ ಸ್ರವಿಸುವ ಹಾರ್ಮೋನುಗಳಲ್ಲಿ ಈಸ್ಟ್ರೋಜನ್ ಒಂದು. ಅದರಂತೆ ಕೆಲಸಮಾಡುವ ಕೃತಕ ಮದ್ದು ಡೈಎಥಿಲ್‌ಸ್ಟಿಲ್ಬೆಸ್ಟ್ರಾಲ್. 1938ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ ಮತ್ತು ಸಂಗಡಿಗರು ತಯಾರಿಸಿದರು. ಗರ್ಭ ನಿಲ್ಲಲೆಂದು ಅಮೆರಿಕದಲ್ಲಿ ಲಕ್ಷಾಂತರ ಬಸುರಿಯರಿಗೆ ಇದನ್ನು ಕೊಟ್ಟರು. ಇದರಿಂದ ಗರ್ಭಪಾತ ತಪ್ಪದೆಂದು ಷಿಕಾಗೋ ವೈದ್ಯರು 1953ರಲ್ಲೇ ತೋರಿಸಿದರೂ ಕೊಡುವುದು ನಿಲ್ಲಲಿಲ್ಲ! 1971ರಲ್ಲಿ ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಜನನಾಂಗದ ಅಪರೂಪದ ಕ್ಯಾನ್ಸರು ಕಂಡಮೇಲೆ ಸರ್ಕಾರ ಎಚ್ಚರಿಸಿತು.

ಮನಸ್ಸಿನ ವಿಚಾರ ಅಷ್ಟು ಖಚಿತವಲ್ಲ. ಅಮೆರಿಕದ ದಾದಿಯರನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಹೆಣ್ಣುಮಕ್ಕಳಿಗೆ ಖಿನ್ನತೆ ಹೆಚ್ಚೆಂದು ಕಂಡಿತು. ಬೇರೆ ಅಧ್ಯಯನಗಳಲ್ಲಿ ಅಷ್ಟಾಗಿ ಕಾಣಲಿಲ್ಲ.

ನಮ್ಮ ದೇಶದ ಕಥೆ ಬೇರೆ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರೋನ್ ಕೂಡಿದ ಬಲವಾದ ಮದ್ದನ್ನು ಇಲ್ಲಿ ಬಸಿರು ಹೌದೋ ಅಲ್ಲವೋ ಎಂದು ತಿಳಿಯಲು ಕೊಡುತ್ತಿದ್ದರು. ಬಸಿರಾಗಿದ್ದರೆ ಕೂಸಿಗೂ ಅದರ ಪಾಲು! ಮಹಿಳಾ ಸಂಘಗಳು ಹೋರಾಡಿದ ಮೇಲೆ 1988ರಲ್ಲಿ ನಿಷೇಧವಾಯಿತು. ಎರಡೂ ಒಂದೇ ಮದ್ದಲ್ಲವಾದ್ದರಿಂದ ಅಲ್ಲಿಯ ಫಲವನ್ನು ಇಲ್ಲಿಗೆ ಅನ್ವಯಿಸಲು ನಾವು ಒಪ್ಪೆವು.

ಆದರೂ ಅದಕ್ಕೆ ಮುಂಚೆ ಹುಟ್ಟಿದ ಸೋದರಿಯರು ಮನಸ್ಸು ಕುಗ್ಗಿ ವೈದ್ಯರಲ್ಲಿಗೆ ಹೋದಾಗ, ತಾಯಿ ಏನು ಸೇವಿಸಿದ್ದರೆಂಬುದು ಗೊತ್ತಿದ್ದರೆ ತಿಳಿಸಲಿ. ತಾಯಿಯನ್ನು ಮೆಲ್ಲಗೆ ಕೇಳಬೇಕು. ವೈದ್ಯರನ್ನು ನಂಬಿ ನುಂಗಿದವರು ಅವರು. ತಾರ್ನಾಕದ ನಮ್ಮ ಮನೆಗಳ ಹಳೆಯ ಟ್ರಂಕುಗಳಲ್ಲಿ ಹೆರಿಗೆಯ ಚೀಟಿಗಳಿದ್ದರೆ ಎಸೆಯಬೇಡಿರಿ.