ಎಂಎಸ್‌ಡಬ್ಲ್ಯು ಓದಿದ್ದೇನೆ, ಆದರೂ ಸೋಷಿಯಲ್ ವರ್ಕರ್ ಅಲ್ಲವಂತೆ!

ಪ್ರಶ್ನೆ: ಎಂಎಸ್‌ಡಬ್ಲ್ಯು ಮುಗಿಸಿ ದಾವಣಗೆರೆಯಲ್ಲಿ ಮಕ್ಕಳ ರಕ್ಷಣೆಯ ಕೆಲಸ ಮಾಡುತ್ತಿದ್ದೆ. ಮದುವೆಯಾಗಿ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದೆ. ನೋಂದಣಿಯಾಗದೆ ‘ಸೋಷಿಯಲ್ ವರ್ಕರ್’ ಎಂದು ಹೇಳಿಕೊಳ್ಳುವಂತೆಯೇ ಇಲ್ಲವಂತೆ. ಇಷ್ಟು ವರ್ಷ ದುಡಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ? ಮನೆಯವರು ಅಂಗಡಿ ಕೆಲಸಕ್ಕೆ ಸೇರು ಅನ್ನುತ್ತಿದ್ದಾರೆ.
– ಹೆಸರು ಬೇಡ

ಉತ್ತರ: ನಿಮ್ಮ ಅನುಭವವನ್ನು ಯಾರೂ ಅಲ್ಲಗಳೆದಿಲ್ಲ. ಅಲ್ಲಿನ ಕಾನೂನು ಕಾಯುತ್ತಿರುವುದು ಆ ಹೆಸರನ್ನು. ಒಂದು ಮಗುವನ್ನು ಹೆತ್ತವರಿಂದ ಬೇರೆ ಇರಿಸಬೇಕೇ ಎಂದು ಶಿಫಾರಸು ಮಾಡುವವರು ಯಾರು, ತಪ್ಪಿದರೆ ಯಾರಿಗೆ ದೂರು ಕೊಡಬೇಕು ಎನ್ನುವುದು ಆ ಕುಟುಂಬಕ್ಕೆ ಗೊತ್ತಿರಬೇಕಲ್ಲ?

ಇಂಗ್ಲೆಂಡಿನಲ್ಲಿ ಈ ಹೊಣೆ ‘ಸೋಷಿಯಲ್ ವರ್ಕ್ ಇಂಗ್ಲೆಂಡ್’ ಎಂಬ ಸಂಸ್ಥೆಯದು. 2017ರ ಮಕ್ಕಳ ಮತ್ತು ಸಮಾಜಕಾರ್ಯ ಕಾಯ್ದೆಯಡಿ ಹುಟ್ಟಿದ್ದು, 2019ರ ಡಿಸೆಂಬರ್ 2ರಿಂದ ಕೆಲಸ ಆರಂಭಿಸಿತು, ಕಚೇರಿ ಶೆಫೀಲ್ಡ್‌ನಲ್ಲಿ. ಅದಕ್ಕೆ ಮುಂಚೆ 2012ರಿಂದ ಆರೋಗ್ಯ ವೃತ್ತಿಗಳ ಮಂಡಳಿಯೊಂದು ಫಿಸಿಯೋಥೆರಪಿಸ್ಟ್‌ಗಳ ಜೊತೆಗೆ ಸೋಷಿಯಲ್ ವರ್ಕರ್‌ಗಳನ್ನೂ ನೋಡಿಕೊಳ್ಳುತ್ತಿತ್ತು. ಈಗ ನೋಂದಾಯಿತರ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ವರ್ಷಕ್ಕೊಮ್ಮೆ ನವೀಕರಿಸಬೇಕು, ಆ ವರ್ಷ ಹೊಸದಾಗಿ ಕಲಿತದ್ದನ್ನೂ ದಾಖಲಿಸಬೇಕು. ನೋಂದಣಿಯಿಲ್ಲದೆ ಮೋಸಗೊಳಿಸುವ ಉದ್ದೇಶದಿಂದ ಆ ಹೆಸರು ಬಳಸಿದರೆ ಅಪರಾಧ.

ನಿಮಗೆ ಇದು ವಿಚಿತ್ರ ಅನಿಸುವುದು ಸಹಜ. ನಮ್ಮಲ್ಲಿ ಊರಿಗೊಂದು ಫ್ಲೆಕ್ಸ್, ಫ್ಲೆಕ್ಸಿಗೊಬ್ಬ ‘ಸಮಾಜ ಸೇವಕ’. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಒಳಗೊಂಡಿದೆ, ನಿಜ. ಆದರೆ ನೀವು ಮಾಡುತ್ತಿದ್ದಂಥ ಕೆಲಸಕ್ಕೆ ಶಾಸನಬದ್ಧ ಮಂಡಳಿ ಇಲ್ಲ. ಅದು ನಮ್ಮ ವ್ಯವಸ್ಥೆಯ ಕೊರತೆ ಎಂದೇ ನನ್ನ ಅಭಿಪ್ರಾಯ.

ಅಂಗಡಿ ಕೆಲಸದಲ್ಲಿ ಅವಮಾನವೇನಿಲ್ಲ, ಆದರೆ ಅವಸರ ಬೇಡ. ‘ಫ್ಯಾಮಿಲಿ ಸಪೋರ್ಟ್ ವರ್ಕರ್’ನಂಥ ಹುದ್ದೆಗಳಿಗೆ ಈ ನೋಂದಣಿ ಬೇಕಿಲ್ಲ; ಅಲ್ಲಿನ ಪದ್ಧತಿಯೂ ಅಭ್ಯಾಸವಾಗುತ್ತದೆ. ಜೊತೆಗೇ ನೋಂದಣಿಗೂ ಅರ್ಜಿ ಹಾಕಿ. ನಿಮ್ಮ ಓದು ಅವರ ಮಾನದಂಡಕ್ಕೆ ಸರಿಹೊಂದುತ್ತದೆಯೇ ಎಂದು ನೋಡುತ್ತಾರೆ, ಇಂಗ್ಲಿಷ್ ಬಲ್ಲಿರೆಂಬುದಕ್ಕೆ ಪುರಾವೆ ಕೇಳುತ್ತಾರೆ. ಕೆಲಸ ಬಿಟ್ಟು ಬಹಳ ಕಾಲವಾಗಿದ್ದರೆ ಕೌಶಲ ನವೀಕರಿಸಿಕೊಂಡದ್ದನ್ನೂ ತೋರಿಸಬೇಕಾಗುತ್ತದೆ. ನಾಳೆ ಯಜಮಾನರಿಗೆ ಎಡಿನ್‌ಬರಾಗೆ ವರ್ಗವಾದರೆ ಮಾತ್ರ ಕತೆ ಬೇರೆ: ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಪ್ರತ್ಯೇಕ ಸಂಸ್ಥೆಗಳಿವೆ.

ಮೊದಲು ಕಾಲೇಜಿನಿಂದ ಪಠ್ಯಕ್ರಮದ ಪ್ರತಿ ಮತ್ತು ಫೀಲ್ಡ್‌ವರ್ಕ್ ಎಲ್ಲಿ, ಎಷ್ಟು ಗಂಟೆ, ಯಾರ ಮೇಲ್ವಿಚಾರಣೆಯಲ್ಲಿ ಎಂಬ ಪತ್ರ ತರಿಸಿಕೊಳ್ಳಿ. ಬರೀ ಇಮೇಲ್ ಹಾಕಿ ಕೂರಬೇಡಿ; ಊರಿನಲ್ಲಿರುವ ತಮ್ಮನನ್ನೋ ಸಹಪಾಠಿಯನ್ನೋ ಕಚೇರಿಗೆ ಕಳಿಸಿ, ಸೀಲು ಬಿದ್ದ ಮೇಲೆಯೇ ಎದ್ದು ಬರಲು ಹೇಳಿ.